ರಾಜನ ಜೋಡಿ ಇದ್ದ ಕೈಯನ್ನೇ ಡೀಲರ್ ಎಳೆದುಕೊಂಡರು. ತಪ್ಪು ಯಾರದ್ದು?

ಬಟವಾಡಿ_ಹುಡುಗ (ತುಮಕೂರು)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡಿಕೊಳ್ಳಬೇಡಿ. ಹೊಟ್ಟೆ ಉರಿದು ಬರೀತಾ ಇದ್ದೇನೆ.

ಹೋದ ತಿಂಗಳು ನಾವು ನಾಲ್ಕು ಜನ ಗೋವಾಕ್ಕೆ ಹೋಗಿದ್ದೆವು. ರಾತ್ರಿ ಬಟವಾಡಿಯಲ್ಲಿ ಬಸ್ಸು ಹತ್ತಿದರೆ ಬೆಳಿಗ್ಗೆ ಪಣಜಿ. ಮಾಂಡೋವಿ ನದಿಯಲ್ಲಿ ಕ್ಯಾಸಿನೊ ಹಡಗುಗಳು ನಿಂತಿರುತ್ತವಲ್ಲ, ಅದರಲ್ಲಿ ಒಂದು. ಹೆಸರು ಬೇಡ. ಪೋಕರ್ ಟೇಬಲ್, ಬ್ಲೈಂಡ್ (ಎಲೆ ನೋಡುವ ಮೊದಲೇ ಇಬ್ಬರು ಕಟ್ಟಬೇಕಾದ ದುಡ್ಡು) 100-200. ನನಗೆ ಸಿಕ್ಕಿದ್ದು ಒಂದನೇ ಸೀಟು, ಡೀಲರ್ ಎಡಗೈ ಪಕ್ಕದಲ್ಲೇ.

ರಾತ್ರಿ ಎರಡೂವರೆ ಇರಬಹುದು. ಎಲೆ ಎತ್ತಿ ನೋಡಿದರೆ ಕಳಾವರ್ ರಾಜ, ಆಟೀನ್ ರಾಜ. 1,000ಕ್ಕೆ ಏರಿಸಿದೆ. ಆರನೇ ಸೀಟಿನವರು ಅದನ್ನು 3,500 ಮಾಡಿದರು. ಉಳಿದವರೆಲ್ಲ ಬಿಟ್ಟರು. ಮೊದಲಿನ 1,000 ಸೇರಿಸಿ ಒಟ್ಟು 22,000, ನನ್ನ ಮುಂದೆ ಇದ್ದಬದ್ದದ್ದನ್ನೆಲ್ಲ ತಳ್ಳಿ ಆಲ್ ಇನ್ ಅಂದೆ. ಅವರು ಯೋಚನೆ ಮಾಡುತ್ತಾ ಕೂತರು. ನನಗೆ ಎದೆ ಡವಡವ. ತೋರಿಸಿಕೊಳ್ಳಬಾರದಲ್ಲ, ಕುರ್ಚಿಗೆ ಒರಗಿ ಎರಡೂ ಕೈ ತಲೆ ಹಿಂದೆ ಕಟ್ಟಿಕೊಂಡೆ.

ಅಷ್ಟೇ. ಎರಡನೇ ಸೀಟಿನವರು ಬಿಟ್ಟಿದ್ದ ಎಲೆ ಇನ್ನೂ ಅಲ್ಲೇ ಬಿದ್ದಿತ್ತು. ಡೀಲರ್ ಅದನ್ನು ಎಳೆದುಕೊಳ್ಳುವಾಗ ಅದೇ ಕೈಯಲ್ಲಿ ನನ್ನ ಎರಡು ಎಲೆಯನ್ನೂ ಬಾಚಿಕೊಂಡು ರಾಶಿಗೆ ಸೇರಿಸಿಬಿಟ್ಟರು!

ಎದ್ದು ನಿಂತು "ಅದು ನಂದು, ರಾಜನ ಜೋಡಿ" ಅಂತ ಕೂಗಿದೆ. ಫ್ಲೋರ್ ಮ್ಯಾನೇಜರ್ ಬಂದರು. ಎರಡು ನಿಮಿಷ ಕೇಳಿದರು. "ನಿಮ್ಮ ಕೈ ಡೆಡ್" ಅಂದರು, ಅಂದರೆ ನನ್ನ ಎಲೆ ಆಟದಿಂದ ಹೊರಗೆ. 18,500 ವಾಪಸ್ ಕೊಟ್ಟರು, 3,500 ಎಲ್ಲರೂ ಕಟ್ಟಿದ ದುಡ್ಡು ಸೇರುವ ಪಾಟ್‌ನಲ್ಲೇ ಹೋಯಿತು. ಜಗಳ ಮಾಡಿದ್ದಕ್ಕೆ ಕೊನೆಗೆ ಒಂದು ಊಟದ ಕೂಪನ್ ಕೈಗಿಟ್ಟರು. ಊಟ ನಮ್ಮ ಪ್ಯಾಕೇಜಿನಲ್ಲೇ ಇತ್ತು ಸ್ವಾಮಿ.

ತಪ್ಪು ಮಾಡಿದ್ದು ಅವರು, ದಂಡ ಕಟ್ಟಿದ್ದು ನಾನು. ಇದು ಯಾವ ನ್ಯಾಯ? ಕೋರ್ಟಿಗೆ ಹೋಗೋಣ ಅನ್ನಿಸಿದೆ.

ನಂದಿಬೆಟ್ಟದ_ಮಂಜು (ಚಿಕ್ಕಬಳ್ಳಾಪುರ)

ಆಲ್ ಇನ್ ಹಾಕಿ ತಲೆ ಹಿಂದೆ ಕೈ ಕಟ್ಟಿಕೊಂಡ್ರಾ? ಏನ್ ಗುರು, ಅಮಾನಿಕೆರೆ ಏರಿ ಮೇಲೆ ಗಾಳಿ ತಗೋತಾ ಕೂತಿದ್ರಾ?

ತಮಾಷೆಗೆ ಅಂದೆ. ಆದರೆ ಎಲೆ ಮೇಲೆ ಏನಾದರೂ ಇಟ್ಟಿದ್ರಾ? ಒಂದು ಚಿಪ್ಪು?

ಬಟವಾಡಿ_ಹುಡುಗ

ಇಲ್ಲ. ಎಲ್ಲ ಚಿಪ್ಪೂ ತಳ್ಳಿಬಿಟ್ಟಿದ್ದೆನಲ್ಲ.

ಆಟೀನ್_ರಾಣಿ (ಕೋಲಾರ)

ನಾನು ಪಣಜಿಯಲ್ಲಿ ನಾಲ್ಕು ವರ್ಷ ಡೀಲರ್ ಆಗಿ ಕೆಲಸ ಮಾಡಿದವಳು. ಈಗ ಕೋಲಾರದಲ್ಲಿ ಮನೆ, ಮಕ್ಕಳು, ಬೆಳಿಗ್ಗೆ ಡೈರಿಗೆ ಹಾಲು. ನಿಮ್ಮ ಕಥೆ ಓದಿ ಹಳೆಯದೆಲ್ಲ ನೆನಪಾಯಿತು, ಅದಕ್ಕೆ ಬರೀತಿದ್ದೇನೆ.

ಮೊದಲು ಡೀಲರ್ ವಿಷಯ. ಅವರು ಮಾಡಿದ್ದು ತಪ್ಪೇ, ಎರಡು ಮಾತಿಲ್ಲ. ಆಟಗಾರ ಮುಂದಕ್ಕೆ ತಳ್ಳಿದ ಎಲೆಯನ್ನು ಮಾತ್ರ ಎಳೆದುಕೊಳ್ಳಬೇಕು ಅಂತ ನಮಗೆ ಮೊದಲ ವಾರವೇ ಕಲಿಸುತ್ತಾರೆ. ಆದರೆ ರಾತ್ರಿ ಎರಡೂವರೆಗೆ ಡೀಲರ್ ಕಣ್ಣು ಎಲ್ಲಿರುತ್ತೆ ಗೊತ್ತಾ? ಯೋಚನೆ ಮಾಡುತ್ತಿರುವ ಆಟಗಾರನ ಮೇಲೆ, ನಿಮ್ಮ ಆಲ್ ಇನ್ ಚಿಪ್ಪಿನ ಎಣಿಕೆ ಮೇಲೆ. ಕೈ ತಾನಾಗಿ ಓಡುತ್ತಿರುತ್ತೆ. ಒಂದನೇ ಸೀಟು, ಕೊನೆ ಸೀಟು ಎರಡೂ ನಮ್ಮ ಮೊಣಕೈ ಕೆಳಗೇ ಬರುವ ಜಾಗ. ಅಲ್ಲಿ ಎರಡು ಎಲೆ ಒಂಟಿಯಾಗಿ ಬಿದ್ದಿದ್ದರೆ, ಪಕ್ಕದಲ್ಲಿ ಯಾರ ಕೈಯೂ ಇಲ್ಲದಿದ್ದರೆ, ಅದು ನಮಗೆ ಬಿಟ್ಟ ಎಲೆ ಥರಾನೇ ಕಾಣುತ್ತೆ.

ಇನ್ನು ನಿಯಮ. ಟೂರ್ನಮೆಂಟ್ ನಡೆಸುವವರ ಸಂಘ ಒಂದಿದೆ, ಟಿಡಿಎ ಅಂತಾರೆ, 2001ರಲ್ಲಿ ಶುರುವಾಯಿತು. ಅವರ ನಿಯಮಾವಳಿಯಲ್ಲಿ ಇದು ನೇರವಾಗಿದೆ: ನಿನ್ನ ಎಲೆ ಕಾಯುವುದು ಯಾವಾಗಲೂ ನಿನ್ನ ಕೆಲಸ. ಡೀಲರ್ ತಪ್ಪಿ ಎಳೆದುಕೊಂಡು, ಅದು ಯಾವುದು ಅಂತ ನೂರಕ್ಕೆ ನೂರು ಗುರುತಿಸಲು ಆಗದಿದ್ದರೆ ಪರಿಹಾರ ಇಲ್ಲ. ಆದರೆ ನೀನು ಏರಿಸಿದ ದುಡ್ಡಿಗೆ ಯಾರೂ ಕಾಲ್ ಮಾಡಿಲ್ಲದಿದ್ದರೆ, ಅಂದರೆ ಸಮ ದುಡ್ಡು ಹಾಕಿಲ್ಲದಿದ್ದರೆ, ಅಷ್ಟು ವಾಪಸ್. ನಿಮ್ಮ 22,000ದಲ್ಲಿ 3,500 ಎದುರಿನವರಿಗೆ ಸಮ ಮಾಡಿದ್ದು. ಅದರ ಮೇಲಿನ 18,500ಕ್ಕೆ ಇನ್ನೂ ಉತ್ತರ ಬಂದಿರಲಿಲ್ಲ. ಫ್ಲೋರ್ ಕೊಟ್ಟ ಲೆಕ್ಕ ಪೈಸೆ ಪೈಸೆ ಸರಿ ಇದೆ.

ಒಂದು ಕೇಳ್ತೀನಿ. ನೀವು ಕೂಗಿದಾಗ ಡೀಲರ್ ಏನು ಮಾಡಿದರು?

ಬಟವಾಡಿ_ಹುಡುಗ

ಗಾಬರಿಯಾದರು. ರಾಶಿಯನ್ನು ಎರಡೂ ಕೈಯಲ್ಲಿ ಒತ್ತಿ, ಅಂಚು ಸರಿ ಮಾಡಿ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಫ್ಲೋರ್ ಅಂತ ಕೂಗಿದರು.

ಆಟೀನ್_ರಾಣಿ

ಅಲ್ಲೇ ಹೋಯಿತು ನೋಡಿ ನಿಮ್ಮ ಕೈ. ಎಳೆದಾಗ ಅಲ್ಲ, ಒತ್ತಿದಾಗ.

ಬಿಟ್ಟ ಎಲೆಗಳ ರಾಶಿಗೆ ಮಕ್ ಅಂತಾರೆ. ನಿಮ್ಮ ಎರಡು ಎಲೆ ಆ ರಾಶಿಯ ಮೇಲೆ ಅಡ್ಡಡ್ಡ ಬಿದ್ದು ಬೇರೆಯಾಗಿ ಕಾಣುತ್ತಿದ್ದರೆ ಅದನ್ನು ಉಳಿಸಿಕೊಳ್ಳಲು ದಾರಿ ಇತ್ತು. ನಮ್ಮಲ್ಲಿ ಒಬ್ಬರು ಹಿರಿಯ ಫ್ಲೋರ್ ಇದ್ದರು. ಅವರು ಆಟಗಾರನ ಹತ್ತಿರ ಬಗ್ಗಿ "ಯಾವ ಎರಡು, ಕಿವಿಯಲ್ಲಿ ಹೇಳಿ" ಅಂತ ಕೇಳುತ್ತಿದ್ದರು. ಆಮೇಲೆ ಮೇಲಿನ ಎರಡು ಎಲೆಯ ಮೂಲೆಯನ್ನು ತಾವೊಬ್ಬರೇ ಎತ್ತಿ ನೋಡುತ್ತಿದ್ದರು. ಹೊಂದಿದರೆ ವಾಪಸ್ ಕೊಟ್ಟು ಆಟ ಮುಂದುವರಿಸಿ ಅನ್ನುತ್ತಿದ್ದರು. ಸದ್ದಿಲ್ಲದೆ ಮುಗಿದುಹೋಗುತ್ತಿತ್ತು.

ನೀವು ರಾಜನ ಜೋಡಿ ಅಂತ ಇಡೀ ಹಡಗಿಗೆ ಕೇಳುವ ಹಾಗೆ ಕೂಗಿದ್ದೀರಿ. ಈಗ ಎಲೆ ವಾಪಸ್ ಬಂದರೂ ಆರನೇ ಸೀಟಿನವರಿಗೆ ನಿಮ್ಮ ಕೈ ಗೊತ್ತು. ಕೂಗಬೇಕಾದ ಮಾತು ಒಂದೇ: "ನಿಲ್ಲಿಸಿ, ರಾಶಿ ಮುಟ್ಟಬೇಡಿ."

ಬಟವಾಡಿ_ಹುಡುಗ

ಅಕ್ಕ, ನಿಮ್ಮ ಮಾತು ಒಪ್ಪಿದೆ, ಆದರೂ ಮನಸ್ಸು ಒಪ್ಪುತ್ತಿಲ್ಲ. ಹೋಟೆಲಿನವನು ನನ್ನ ಮೇಲೆ ಸಾಂಬಾರು ಚೆಲ್ಲಿದರೆ ಅಂಗಿ ಕಾಪಾಡಿಕೊಳ್ಳುವುದು ನಿನ್ನ ಕೆಲಸ ಅಂತಾನಾ?

ಆಟೀನ್_ರಾಣಿ

ಅಂಗಿ ಮೇಲೆ ಕಲೆ ಎಲ್ಲರಿಗೂ ಕಾಣುತ್ತೆ ತಮ್ಮಾ. ಕವುಚಿ ಬಿದ್ದ ಎಲೆ ಯಾರಿಗೂ ಕಾಣಲ್ಲ. ಆರನೇ ಸೀಟಿನವರ ಜಾಗದಲ್ಲಿ ನೀವಿದ್ದು, ಎದುರಿನವನು ಎದ್ದು ನಿಂತು "ನಂದು ಎಕ್ಕದ ಜೋಡಿ ಆಗಿತ್ತು, ದುಡ್ಡು ಕೊಡಿ" ಅಂದರೆ ಕೊಡ್ತಿದ್ರಾ? ಡೀಲರೂ ಆಟಗಾರನೂ ಒಳಗೊಳಗೇ ಮಾತಾಡಿಕೊಂಡರೆ, ಸೋಲುವ ಕೈಯನ್ನೆಲ್ಲ ತಪ್ಪಿ ಎಳೆದುಕೊಂಡು ದುಡ್ಡು ವಾಪಸ್ ಕೊಡಿಸಬಹುದಲ್ಲ? ಅದಕ್ಕೇ ನಿಯಮ ಕಲ್ಲಿನ ಥರ ಇರೋದು. ನಿಮಗೆ ಪೆಟ್ಟಾಯಿತು, ನಿಜ. ನಾನೂ ಒಮ್ಮೆ ಒಬ್ಬರ ಕೈ ಹೀಗೇ ಎಳೆದಿದ್ದೇನೆ. ಅವರು ಒಂದು ಮಾತೂ ಆಡಲಿಲ್ಲ, ಸುಮ್ನೆ ನನ್ನ ಮುಖ ನೋಡಿದರು. ಆ ರಾತ್ರಿ ನಿದ್ದೆ ಬರಲಿಲ್ಲ.

ಹೊಸತೊಡಕು_ಮೇಷ್ಟ್ರು (ಗುಬ್ಬಿ)

ನಾನು ಯುಗಾದಿ ಮಾರನೇ ದಿನ ಬಿಟ್ಟರೆ ಇಸ್ಪೀಟು ಮುಟ್ಟದವನು. ಹೊಸತೊಡಕಿನ ದಿನ ಬಾಡೂಟ ಮುಗಿಸಿ ಜಗಲಿ ಮೇಲೆ ರಮ್ಮಿ. ನಾವೆಲ್ಲ ಎಲೆಯನ್ನು ಬೀಸಣಿಗೆ ಥರ ಹಿಡಿದು ಎದೆಗೆ ಒತ್ತಿಕೊಳ್ಳುತ್ತೇವೆ. ಮಗುವನ್ನು ಎತ್ತಿಕೊಂಡ ಹಾಗೆ. ಅಲ್ಲಿ ಯಾಕೆ ಟೇಬಲ್ ಮೇಲೆ ಅನಾಥವಾಗಿ ಬಿಡುವುದು? ಕೈಯಲ್ಲೇ ಹಿಡಿದುಕೊಂಡರೆ ಯಾವ ಡೀಲರ್ ಕಿತ್ತುಕೊಳ್ಳುತ್ತಾನೆ?

ಆಟೀನ್_ರಾಣಿ

ಮೇಷ್ಟ್ರೇ, ಒಳ್ಳೆ ಪ್ರಶ್ನೆ. ನಮ್ಮ ಕಡೆಯಿಂದ ಮೊದಲ ಸಲ ಬರುವವರೆಲ್ಲ ಹೀಗೇ ಹಿಡಿಯುತ್ತಾರೆ, ನೋಡಿದ ತಕ್ಷಣ ರಮ್ಮಿ ಆಡುವವರು ಅಂತ ಗೊತ್ತಾಗುತ್ತೆ.

ಅಲ್ಲಿ ಎಲೆ ಟೇಬಲ್ ಬಿಟ್ಟು ಏಳಬಾರದು. ಒಂದು, ಮಡಿಲಿಗೆ ಹೋದ ಎಲೆ ಬದಲಾಗಿಲ್ಲ ಅಂತ ಯಾರು ಹೇಳಬೇಕು? ಟೇಬಲ್ ಅಂಚು ದಾಟಿದರೆ ಕೈ ಸತ್ತಿತು ಅನ್ನುವ ಕಡೆಗಳೂ ಇವೆ. ಎರಡು, ಎದೆ ಹತ್ತಿರ ಎತ್ತಿದ ಎಲೆ ಪಕ್ಕದವನಿಗೂ ಹಿಂದೆ ನಿಂತವನಿಗೂ ಕಾಣುತ್ತೆ. ಮೂರು, ನಿಮ್ಮ ಹತ್ತಿರ ಎಲೆ ಇದೆ ಅನ್ನುವುದೇ ಬೇರೆಯವರಿಗೆ ಗೊತ್ತಾಗದೆ, ನಿಮ್ಮ ಸರದಿ ಹಾರಿಸಿ ಮುಂದಿನವನು ಆಡಿಬಿಡುತ್ತಾನೆ. ಆಮೇಲೆ ಇನ್ನೊಂದು ಪಂಚಾಯ್ತಿ.

ನೋಡುವ ರೀತಿ ಹೀಗೆ. ಎಡಗೈಯನ್ನು ಎಲೆಗಳ ಮುಂದೆ ಗೋಡೆ ಥರ ಬಾಗಿಸಿ. ಬಲಗೈ ಹೆಬ್ಬೆರಳಿನಿಂದ ಹತ್ತಿರದ ಮೂಲೆಯನ್ನು ಅರ್ಧ ಇಂಚು ಮಾತ್ರ ಎತ್ತಿ. ಅಂಕಿ, ಬಣ್ಣ ಎರಡೂ ಮೂಲೆಯಲ್ಲೇ ಇರುತ್ತೆ. ಒಂದೇ ಸಲ ನೋಡಿ, ನೆನಪಿಡಿ, ಮೇಲೆ ಭಾರ ಇಡಿ. ಪದೇ ಪದೇ ಎತ್ತುವವನು ಒಂದಲ್ಲ ಒಂದು ಸಲ ತೋರಿಸಿಬಿಡುತ್ತಾನೆ.

ಕೊಬ್ಬರಿ_ಮಂಡಿ (ತಿಪಟೂರು)

ಭಾರ ಅಂದ್ರಲ್ಲ, ನನ್ನದು ಹೇಳಿಬಿಡ್ತೀನಿ. ನಮ್ಮ ತಾತನ ಅಂಗಡಿಯ ಹಿತ್ತಾಳೆ ತೂಕದ ಬಟ್ಟು, 50 ಗ್ರಾಂದು. ಅಂಚೆಲ್ಲ ಸವೆದು ನುಣುಪಾಗಿದೆ. ಎಲೆ ಮೇಲೆ ಇಟ್ಟರೆ ಫ್ಯಾನ್ ಗಾಳಿಗೂ ಅಲ್ಲಾಡಲ್ಲ. ಮೊದಲ ಸಲ ತೆಗೆದಾಗ ಫ್ಲೋರ್ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಕೆಳಭಾಗ ಹೊಳೆಯುತ್ತಿತ್ತು, ಕನ್ನಡಿ ಥರ ಎಲೆ ಕಾಣುತ್ತಾ ಅಂತ ಅನುಮಾನ. ಆಮೇಲೆ ನಕ್ಕು ವಾಪಸ್ ಕೊಟ್ಟರು.

ಆದರೆ ಬಟ್ಟು ಇದ್ದೂ ನಾನು ಕಳೆದುಕೊಂಡೆ, ಅದು ಬೇರೆ ಕಥೆ. ಟೇಬಲ್ ಮಧ್ಯೆ ಎಲ್ಲರಿಗೂ ಸೇರಿದ ಕೊನೆ ಎಲೆ ಬಿತ್ತು. ನನ್ನದು ಸ್ಟ್ರೈಟ್, ಐದು ಎಲೆ ಸಾಲಾಗಿ. ಎದುರಿನವರು ಎಲೆ ತೋರಿಸದೆ "ಫ್ಲಶ್" ಅಂದರು, ಅಂದರೆ ಐದೂ ಒಂದೇ ಗುರುತಿನ ಎಲೆ, ಸ್ಟ್ರೈಟ್‌ಗಿಂತ ದೊಡ್ಡದು. ನಾನು ಹಳ್ಳಿ ಮನುಷ್ಯ, ಮಾತು ಅಂದರೆ ಮಾತು. ಬಟ್ಟು ತೆಗೆದು ಜೇಬಿಗೆ ಹಾಕಿ ಎಲೆ ಮುಂದಕ್ಕೆ ತಳ್ಳಿದೆ. ಡೀಲರ್ ಎಳೆದುಕೊಂಡರು. ಆಮೇಲೆ ಅವರು ತಿರುಗಿಸಿದರೆ ನಾಲ್ಕು ಆಟೀನು, ಒಂದು ಡೈಮನ್! ಎರಡೂ ಕೆಂಪಲ್ವಾ, ಅವರೂ ತಪ್ಪಿ ನೋಡಿದ್ದರು. 9,400 ರೂಪಾಯಿ ಪಾಟ್. ನನ್ನ ಎಲೆ ರಾಶಿಯಲ್ಲಿತ್ತು.

ಆಟೀನ್_ರಾಣಿ

ಅಯ್ಯೋ ಅಣ್ಣ. ಅಲ್ಲಿ ಬಾಯಿಗೆ ಬೆಲೆ ಇಲ್ಲ, ಎಲೆಗೆ ಬೆಲೆ. ಕೊನೆಯಲ್ಲಿ ಯಾರು ಏನೇ ಹೇಳಲಿ, ತಿರುಗಿಸಿಟ್ಟ ಎಲೆ ಏನು ಹೇಳುತ್ತೋ ಅದೇ ಲೆಕ್ಕ. ಎರಡೂ ಎಲೆಯನ್ನು ಮುಖ ಮೇಲೆ ಮಾಡಿ ಟೇಬಲ್ ಮೇಲೆ ಇಟ್ಟಿದ್ದರೆ, ನೀವು ಸೋತೆ ಅಂತ ಬಾಯಲ್ಲಿ ಹೇಳಿದ್ದರೂ ಪಾಟ್ ನಿಮ್ಮದೇ. ಹಾಗೆ ತೆರೆದಿಟ್ಟ, ಗೆದ್ದದ್ದು ಎದ್ದು ಕಾಣುವ ಕೈಯನ್ನು ಡೀಲರ್ ತಪ್ಪಿ ಎಳೆದುಕೊಂಡರೂ ಅದು ಸಾಯುವುದಿಲ್ಲ. ತೆರೆದ ಎಲೆಗೂ ಕವುಚಿದ ಎಲೆಗೂ ಇರುವ ವ್ಯತ್ಯಾಸ ಅದು.

ನಂದಿಬೆಟ್ಟದ_ಮಂಜು

ಬಟ್ಟು ಸೂಪರ್. 2004ರ ಪೋಕರ್ ವರ್ಲ್ಡ್ ಸೀರೀಸ್ ಗೆದ್ದ ಗ್ರೆಗ್ ರೇಮರ್ ಎಲೆ ಮೇಲೆ ಪಳೆಯುಳಿಕೆ ಕಲ್ಲು ಇಡುತ್ತಿದ್ದರು, ಅದಕ್ಕೇ ಫಾಸಿಲ್‌ಮ್ಯಾನ್ ಅಂತ ಹೆಸರು ಬಿತ್ತು. ಕೋಸ್ಟರಿಕಾದ ಉಂಬರ್ಟೊ ಬ್ರೆನೆಸ್ ಹತ್ತಿರ ಪ್ಲಾಸ್ಟಿಕ್ ಶಾರ್ಕ್ ಮೀನು. ತಿಪಟೂರಿನದು ಹಿತ್ತಾಳೆ ಬಟ್ಟು, ಏನೂ ಕಮ್ಮಿ ಇಲ್ಲ.

ಒಂದು ಅನುಮಾನ. ಅಲ್ಲಿ ತಲೆ ಮೇಲೆಲ್ಲ ಕ್ಯಾಮೆರಾ ಇರುತ್ತಲ್ಲ, ಅದರಲ್ಲಿ ನೋಡಿ ಹೇಳಬಹುದಿತ್ತಲ್ವಾ?

ಆಟೀನ್_ರಾಣಿ

ಕ್ಯಾಮೆರಾಗೆ ಕಾಣುವುದು ಎಲೆಯ ಬೆನ್ನು. ಚಿಪ್ಪು ಎಷ್ಟು, ಯಾರು ಯಾವಾಗ ತಳ್ಳಿದರು, ಯಾರ ಕೈ ಎಲ್ಲಿ ಹೋಯಿತು, ಇದಕ್ಕೆಲ್ಲ ಕ್ಯಾಮೆರಾ ಬೇಕು. ಒತ್ತಿ ಸರಿ ಮಾಡಿದ ರಾಶಿಯಲ್ಲಿ ಎಷ್ಟನೇ ಎಲೆ ಯಾರದ್ದು ಅಂತ ಅದು ಹೇಳಲ್ಲ. ಟಿವಿಯಲ್ಲಿ ಎಲೆ ಕಾಣುವ ಟೇಬಲ್‌ಗಳೇ ಬೇರೆ.

ಶಿರಾ_ಗೇಟ್ (ತುಮಕೂರು)

ನೀವೆಲ್ಲ ಎಲೆ ಕಾಪಾಡಿಕೊಳ್ಳೋದು ಹೇಗೆ ಅಂತ ಮಾತಾಡ್ತಿದ್ದೀರಿ. ನನ್ನ ತಮ್ಮ ಹೀಗೇ ಶುರು ಮಾಡಿ ಎರಡು ವರ್ಷದಲ್ಲಿ ಅಮ್ಮನ ಸರ ಅಡ ಇಟ್ಟ. ದುಡ್ಡು ಕಾಪಾಡಿಕೊಳ್ಳುವ ನಿಯಮ ಯಾವ ಸಂಘ ಬರೆದಿದೆ?

ಆಟೀನ್_ರಾಣಿ

ಯಾರೂ ಬರೆದಿಲ್ಲ. ನಾಲ್ಕು ವರ್ಷ ನಾನು ಹಂಚಿದ್ದೇನೆ, ಒಂದು ದಿನವೂ ಆಡಿಲ್ಲ. ಕಾರಣ ನೀವು ಹೇಳಿದ್ದೇ. ಸರ ಬಿಡಿಸಿದ್ರಾ?

ಶಿರಾ_ಗೇಟ್

ಹೋದ ದೀಪಾವಳಿಗೆ ಬಿಡಿಸಿದೆವು.

ಕೋರ್ಟ್_ರಸ್ತೆ (ತುಮಕೂರು)

ಕೋರ್ಟಿಗೆ ಹೋಗ್ತೀನಿ ಅಂದ್ರಲ್ಲ, ಅದಕ್ಕೆ ಎರಡು ಮಾತು. ನಾನು ವಕೀಲ.

ಗೋವಾದಲ್ಲಿ ಹಡಗಿನ ಕ್ಯಾಸಿನೊ ನಡೆಯುವುದು ಅವರ 1976ರ ಜೂಜು ಕಾಯ್ದೆಗೆ ಆಮೇಲೆ ಮಾಡಿದ ತಿದ್ದುಪಡಿಗಳಿಂದ. ನಮ್ಮಲ್ಲಿ 1963ರ ಕರ್ನಾಟಕ ಪೊಲೀಸ್ ಕಾಯ್ದೆ. 2013ರಲ್ಲಿ ನಮ್ಮ ಹೈಕೋರ್ಟು ಪೋಕರನ್ನು ಕೌಶಲದ ಆಟವಾಗಿ ಆಡಿದರೆ ಪರವಾನಗಿ ಬೇಡ ಎಂದಿತ್ತು. ಮೊಬೈಲಿನಲ್ಲಿ ದುಡ್ಡಿಟ್ಟು ಆಡುವುದಂತೂ 2025ರ ಆಗಸ್ಟ್‌ನಲ್ಲಿ ಪಾರ್ಲಿಮೆಂಟ್ ತಂದ ಕಾಯ್ದೆಯಿಂದ ನಿಷೇಧ.

ಈಗ ನಿಮ್ಮ 3,500. 1872ರ ಕರಾರು ಕಾಯ್ದೆಯ 30ನೇ ಕಲಂ ಪ್ರಕಾರ ಬಾಜಿಯ ಕರಾರು ಅಸಿಂಧು, ಗೆದ್ದ ದುಡ್ಡಿಗೆ ದಾವೆ ಹಾಕಲು ಬರುವುದಿಲ್ಲ. ಪೋಕರ್ ಕೌಶಲದ ಆಟ, ಬಾಜಿ ಅಲ್ಲ ಅಂತ ವಾದ ಹೂಡಬಹುದು. ಆ ವಾದಕ್ಕೆ ನನ್ನ ಫೀಸು ಕೇಳಿದರೆ ನೀವು ಊಟದ ಕೂಪನ್ನೇ ಪರವಾಗಿಲ್ಲ ಅಂತೀರಿ.

ಬಟವಾಡಿ_ಹುಡುಗ

ಹ ಹ. ಆಯ್ತು ಸಾರ್, ಕೋರ್ಟ್ ಬೇಡ. ಆದರೆ ಅಲ್ಲೇ ಜಗಳ ಸರಿಯಾಗಿ ಮಾಡುವುದು ಹೇಗೆ? ನನಗೆ ಅದೇ ಗೊತ್ತಿರಲಿಲ್ಲ. ಯಾರ ಹತ್ತಿರ ಏನು ಹೇಳಬೇಕು?

ಆಟೀನ್_ರಾಣಿ

ಮೊದಲು ಹೊತ್ತು. ಎಲೆ ಓದಿದ್ದು ತಪ್ಪು, ಪಾಟ್ ಬೇರೆಯವರಿಗೆ ಹೋಯಿತು ಅನ್ನುವ ತಕರಾರನ್ನು ಮುಂದಿನ ಕೈ ಶುರುವಾಗುವ ಮೊದಲೇ ಎತ್ತಬೇಕು. ಡೀಲರ್ ಮೊದಲ ಸಲ ಎಲೆ ಕಲೆಸಿದರೆ, ಮೆಷಿನ್ ಇದ್ದರೆ ಹಸಿರು ಗುಂಡಿ ಒತ್ತಿದರೆ, ಹೊಸ ಕೈ ಶುರು ಅಂತ ಟಿಡಿಎ ಲೆಕ್ಕ. ಆಮೇಲೆ ಕೂಗಿದರೆ ಬಸ್ಸು ಹೋದ ಮೇಲೆ ಕೈ ಎತ್ತಿದ ಹಾಗೆ.

ಆಮೇಲೆ ರೀತಿ. "ಫ್ಲೋರ್ ಕರೀರಿ" ಅಂತ ಡೀಲರಿಗೆ ಹೇಳಿ, ಎರಡೂ ಕೈ ಟೇಬಲ್ ಮೇಲೆ ಇಡಿ. ಚಿಪ್ಪು ಮುಟ್ಟಬೇಡಿ, ಎಲೆ ಮುಟ್ಟಬೇಡಿ. ಫ್ಲೋರ್ ಬಂದ ಮೇಲೆ ಮೊದಲು ಡೀಲರ್ ಹೇಳುತ್ತಾರೆ, ಮಧ್ಯೆ ಬಾಯಿ ಹಾಕಬೇಡಿ. ನಿಮ್ಮ ಸರದಿ ಬಂದಾಗ ನಡೆದದ್ದನ್ನು ನಡೆದ ಹಾಗೆ ಹೇಳಿ. "ನಾನು ಆಲ್ ಇನ್ ಅಂದೆ, ಅವರು ಇನ್ನೂ ಉತ್ತರ ಕೊಟ್ಟಿರಲಿಲ್ಲ, ಡೀಲರ್ ಎರಡನೇ ಸೀಟಿನ ಎಲೆ ಜೊತೆ ನನ್ನದನ್ನೂ ಎಳೆದರು." ಇಷ್ಟೇ. ನ್ಯಾಯ, ಅನ್ಯಾಯ, ನಾನು ಎಷ್ಟು ವರ್ಷದಿಂದ ಬರ್ತಿದ್ದೀನಿ ಗೊತ್ತಾ, ಇದೆಲ್ಲ ಶುರು ಮಾಡಿದರೆ ಫ್ಲೋರ್ ಕಿವಿ ಮುಚ್ಚಿಹೋಗುತ್ತೆ. ನನಗೆ ಗೊತ್ತು, ನಾನು ಪಕ್ಕದಲ್ಲೇ ನಿಂತು ನೋಡಿದ್ದೇನೆ.

ತೀರ್ಪು ಸರಿ ಇಲ್ಲ ಅನ್ನಿಸಿದರೆ "ಶಿಫ್ಟ್ ಮ್ಯಾನೇಜರನ್ನು ಕೇಳಬಹುದಾ" ಅಂತ ಒಂದು ಸಲ ಕೇಳಿ. ಅವರೂ ಅದೇ ಹೇಳಿದರೆ ಮುಗಿಯಿತು.

ಕೋರ್ಟ್_ರಸ್ತೆ

ಒಂದು ತಿದ್ದುಪಡಿ ಮೇಡಂ. ಟಿಡಿಎ ಇರುವುದು ಟೂರ್ನಮೆಂಟಿಗೆ. ಇವರು ಆಡಿದ್ದು ಕ್ಯಾಶ್ ಟೇಬಲ್. ಅಲ್ಲಿ ಆ ಮನೆಯ, ಅಂದರೆ ಆ ಕ್ಯಾಸಿನೊದ, ನಿಯಮವೇ ನಿಯಮ.

ಆಟೀನ್_ರಾಣಿ

ಸರಿ ಸಾರ್, ಒಪ್ಪಿದೆ. ಬಹಳಷ್ಟು ಮನೆಗಳು ಅದನ್ನೇ ಸ್ವಲ್ಪ ಹೆಚ್ಚುಕಮ್ಮಿ ಮಾಡಿ ಇಟ್ಟುಕೊಂಡಿರುತ್ತವೆ. ಕೂರುವ ಮೊದಲೇ ಮನೆ ನಿಯಮ ಕೇಳಿಬಿಡಿ. ನಾಚಿಕೆ ಏನೂ ಇಲ್ಲ. ಅಂದಹಾಗೆ ಆ ಟಿಡಿಎ ಪುಸ್ತಕದ ಮೊದಲ ನಿಯಮವೇ ಏನು ಗೊತ್ತಾ? ಅಪರೂಪದ ಸಂದರ್ಭದಲ್ಲಿ ಅಕ್ಷರಕ್ಕಿಂತ ನ್ಯಾಯ ದೊಡ್ಡದು, ಫ್ಲೋರ್ ಬುದ್ಧಿ ಉಪಯೋಗಿಸಲಿ ಅಂತ. ವಕೀಲರಿಗೆ ಇಷ್ಟ ಆಗಲ್ಲ ಅದು.

ನಂದಿಬೆಟ್ಟದ_ಮಂಜು

ನನ್ನ ಮಾನ ನಾನೇ ಹರಾಜು ಹಾಕಿಕೊಳ್ತೀನಿ. ಪಿಕ್ಚರ್ ಸ್ಟೈಲಲ್ಲಿ "ನಿಮ್ಮ 600 ನೋಡಿದೆ… ಮೇಲೆ 2,000!" ಅಂದೆ. ಡೀಲರ್ ತಣ್ಣಗೆ "ಕಾಲ್" ಅಂದರು. ಮೊದಲ ಮಾತೇ ಕಾಲ್ ಆಯಿತಂತೆ, ಮೇಲಿನ 2,000 ಬರೀ ಡೈಲಾಗು. ಅದೇ ರಾತ್ರಿ ಇನ್ನೊಂದು. 200 ಬ್ಲೈಂಡ್ ಇದ್ದಾಗ ಮಾತಾಡದೆ ಒಂದೇ ಒಂದು 1,000ದ ಚಿಪ್ಪು ಎಸೆದೆ. ಅದೂ ಕಾಲ್! 800 ಚಿಲ್ಲರೆ ವಾಪಸ್ ಕೊಟ್ಟರು. ಏರಿಸಬೇಕಾದರೆ ಚಿಪ್ಪು ಬಿಡುವ ಮೊದಲು ಬಾಯಿ ಬಿಡಬೇಕಂತೆ.

ಹೊಸತೊಡಕು_ಮೇಷ್ಟ್ರು

ಒಟ್ಟಿನಲ್ಲಿ ಬಾಯಿ ಬಿಡಬೇಕಾದಾಗ ಮುಚ್ಚಿಕೊಂಡಿದ್ದು ಮಂಜು, ಮುಚ್ಚಬೇಕಾದಾಗ ಬಿಟ್ಟಿದ್ದು ಬಟವಾಡಿ.

ಕನ್ನಡದಲ್ಲಿ ಮಾತಾಡಬಹುದಾ ಅಲ್ಲಿ?

ಆಟೀನ್_ರಾಣಿ

ಕೈ ನಡೆಯುವಾಗ ಬೇಡ ಮೇಷ್ಟ್ರೇ. ಟೇಬಲ್‌ನಲ್ಲಿ ಉಳಿದವರಿಗೆ ಅರ್ಥವಾಗದ ಭಾಷೆಯಲ್ಲಿ ಇಬ್ಬರು ಮಾತಾಡಿದರೆ ಎಲೆ ಹೇಳಿಕೊಳ್ತಿದ್ದಾರೆ ಅನ್ನುವ ಅನುಮಾನ. ನಾನು ಡೀಲರ್ ಆಗಿದ್ದಾಗ ಕೋಲಾರದವರೇ ಇಬ್ಬರು ಬಂದು "ಅಕ್ಕ ನಮ್ಮೂರು, ನೋಡ್ಕೊಳ್ಳಿ" ಅಂದರು. ಕೇಳಿಸದ ಹಾಗೆ ಇದ್ದೆ, ಪಾಪ. ಬ್ರೇಕ್‌ನಲ್ಲಿ ಹೊರಗೆ ಬಂದು ಊರ ಟೊಮೆಟೊ ರೇಟು ಕೇಳಿದೆ.

ಬಟವಾಡಿ_ಹುಡುಗ

ಒಂದು ವಾರ ಆಯಿತು, ಬರೆಯಲು ಆಗಿರಲಿಲ್ಲ.

ಭಾನುವಾರ ಮನೆಯಲ್ಲಿ ಅದೇ ನಾಲ್ಕು ಜನ ಕೂತೆವು. ದುಡ್ಡಿಲ್ಲ, ಹುಣಸೆ ಬೀಜ. ಒಂದು ಬೀಜಕ್ಕೆ 100 ಅಂತ ಲೆಕ್ಕ. ನನ್ನ ಹೆಂಡತಿಗೆ ಡೀಲರ್ ಕೆಲಸ ಕೊಟ್ಟೆವು. ಅವಳಿಗೆ ಒಂದೇ ಒಂದು ಮಾತು ಹೇಳಿದ್ದೆ: ಯಾರ ಎಲೆ ಮೇಲೆ ಏನೂ ಇಲ್ಲವೋ, ಕೈಯೂ ಇಲ್ಲವೋ, ಕೇಳದೆ ಎಳೆದುಕೊ. ಎರಡು ಗಂಟೆಯಲ್ಲಿ ಹನ್ನೊಂದು ಸಲ ಎಳೆದಳು. ಅದರಲ್ಲಿ ಐದು ನನ್ನದು. ಒಂದು ಸಲ ಚಟ್ನಿ ಹಾಕಿಕೊಳ್ಳಲು ತಿರುಗಿದ್ದೆ, ಇನ್ನೊಂದು ಸಲ ಫೋನ್ ಬಂತು. ಮೂರನೇ ಸಲ ಬರೀ ಆಕಳಿಸಿದೆ ಅಷ್ಟೇ. ಅವಳು ಎಳೆಯುವಾಗ ನನ್ನ ಮುಖ ಕೂಡ ನೋಡಲ್ಲ. ಆ ಡೀಲರ್ ಮೇಲೆ ಇದ್ದ ಸಿಟ್ಟು ಅರ್ಧ ಇಳಿಯಿತು. ಇನ್ನರ್ಧ ಹಾಗೇ ಇದೆ, ಸುಳ್ಳು ಹೇಳಲ್ಲ.

ತಾಪತ್ರಯ ಒಂದೇ. ಹುಣಸೆ ಬೀಜ ಎಲೆ ಮೇಲೆ ನಿಲ್ಲಲ್ಲ, ಜಾರುತ್ತೆ. ಏನಿಡಲಿ?

ಕೊಬ್ಬರಿ_ಮಂಡಿ

ನಮ್ಮಲ್ಲಿ 20 ಗ್ರಾಂದು ಒಂದು ಬಟ್ಟು ಸುಮ್ನೆ ಬಿದ್ದಿದೆ. ಗುರುವಾರ ತುಮಕೂರಿಗೆ ಬರ್ತೀನಿ, ಬಟವಾಡಿಯಲ್ಲಿ ಇಳಿಯುತ್ತೇನೆ. ಬಂದು ಇಸ್ಕೊಳ್ಳಿ.

ಬಟವಾಡಿ_ಹುಡುಗ

ಬನ್ನಿ ಅಣ್ಣ. ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ ತಿನ್ನೋಣ. ಕೂಪನ್ ಇಲ್ಲ, ದುಡ್ಡು ನಾನೇ ಕೊಡ್ತೀನಿ.